ದೊರೆಗಳ ವೇಟಿಂಗ್ ರೂಮು

ಅಂಬಿಕಳ ಅಂಗನವಾಡಿಗೆ ಸ್ವಂತ ಕಟ್ಟಡ ಇರಲಿಲ್ಲ. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಲೈನು ಎಂದು ಕರೆಯುವ ಕಾರ್ಮಿಕರ ಸಾಲುಮನೆಗಳ ಹಿಂದೆ ಬ್ರಿಟಿಷರ ಕಾಲದ ಪಾಳು ರೈಲ್ವೆ ಸ್ಟೇಷನ್ನೊಂದಿತ್ತು. ಅಲ್ಲಿ ದೊರೆಗಳು ರೈಲಿಗೆ ಕಾಯುತ್ತಿದ್ದ ಕೋಣೆಯಲ್ಲಿ ಅದು ಒಂಬತ್ತು ವರ್ಷದಿಂದ ನಡೆಯುತ್ತಿತ್ತು. ಗಣಿ ಮುಚ್ಚಿದ ಮೇಲೆ, ಮುಖ್ಯ ಮಾರ್ಗದಿಂದ ಇಲ್ಲಿಗೆ ಬರುತ್ತಿದ್ದ ಕವಲು ದಾರಿಯ ಹಳಿಗಳನ್ನಷ್ಟೇ ಕಿತ್ತಿದ್ದರು. ಪ್ಲಾಟ್‌ಫಾರಂ ಮೇಲೆ ಈಗ ಲೈನಿನವರ ಬಟ್ಟೆ ಒಣಗುತ್ತಿತ್ತು. ಕೋಣೆಯ ಹೆಂಚು ಒಡೆದು, ಮಳೆ ಬಂದರೆ ಮಕ್ಕಳನ್ನು ಒಂದು ಮೂಲೆಗೆ ತಳ್ಳಬೇಕಾಗಿತ್ತು. ರಿಪೇರಿಗೆಂದು ಅಂಬಿಕ ಬರೆದ ಅರ್ಜಿಗಳಿಗೆಲ್ಲ ಒಂದೇ ಉತ್ತರ: ಕಟ್ಟಡ ನಮ್ಮದಲ್ಲ.

ಜೂನ್‌ನಲ್ಲಿ ಬೆಂಗಳೂರಿನಿಂದ ನವ್ಯಶ್ರೀ ಎಂಬ ಅಧಿಕಾರಿ ಬಂದಳು. ಉಳಿಸಬೇಕಾದ ಹಳೆಯ ಕಟ್ಟಡಗಳ ಪಟ್ಟಿ ಮಾಡುವುದು ಅವಳ ಕೆಲಸ. ಟೇಪು ಹಿಡಿದು ಗೋಡೆ ಅಳೆದಳು, ನಾಲ್ಕು ಫೋಟೋ ತೆಗೆದಳು. "ಇಂಥವು ಬೇಕಾದಷ್ಟಿವೆ" ಎಂದು ಹೊರಟು ನಿಂತಳು.

ಅಂಬಿಕ ಅವಳಿಗೆ ಟೀ ಕೊಟ್ಟು ಕೂರಿಸಿದಳು. ಈ ಕೋಣೆ ಮುಖ್ಯವಾದದ್ದು ಎಂದು ಕಾಗದದ ಮೇಲೆ ಬಂದರೆ ಯಾರಾದರೂ ಹೆಂಚು ಹಾಕಿಸಿಯಾರು ಎಂಬುದು ಅಂಬಿಕಳ ಲೆಕ್ಕ. ಸಹಾಯಕಿ ಮುನಿಲಕ್ಷ್ಮಿಯನ್ನು ಲೈನಿಗೆ ಓಡಿಸಿ ಕುಪ್ಪುಸ್ವಾಮಿ ತಾತನನ್ನು ಕರೆಸಿದಳು. ಎಂಬತ್ತಾರರ ತಾತ ಚಿಕ್ಕಂದಿನಲ್ಲಿ ಇದೇ ಸ್ಟೇಷನ್ನಿಗೆ ನೀರು ತುಂಬುತ್ತಿದ್ದವನು.

"ಎನ್ನಮ್ಮಾ, ರೈಲ್ ಬಂತಾ?" ಎಂದು ತಮಿಳು ಬೆರೆಸಿ ಕೇಳುತ್ತ ತಾತ ಬಾಗಿಲಲ್ಲೇ ಕೂತ.

"ಮೇಡಂ ಬಂದವ್ರೆ ತಾತ. ಈ ರೂಮಿನ ಕತೆ ಯೋಳು" ಎಂದಳು ಅಂಬಿಕ.

"ಯೋಳಕ್ಕೇನೈತೆ? ದೊರೆ ಒಳಗ್ ಕೂತ್ಕಂತಿದ್ದ, ನಾವು ಆಚೆ ನಿಂತ್ಕಂತಿದ್ವಿ. ಅಷ್ಟೇ ಕತೆ."

"ಸರ್ಯಾಗಿ ಯೋಳು. ಇಷ್ಟಕ್ಕೆ ಅರ್ಧ ಎಂಚೂ ಬರಲ್ಲ" ಎಂದು ಮುನಿಲಕ್ಷ್ಮಿ ರೇಗಿಸಿದಳು.

ತಾತ ಹೇಳಿದ. ನೀರಿನ ಕೊಡವನ್ನು ಹೊಸ್ತಿಲಿನ ಹೊರಗೇ ಇಡಬೇಕಿತ್ತು, ಒಳಗಿನ ಬಟ್ಲರ್ ಎತ್ತಿಕೊಳ್ಳುತ್ತಿದ್ದ. ಗಣಿಯಲ್ಲಿ ಸತ್ತವರನ್ನು ಊರಿಗೆ ಕಳಿಸುವಾಗ ಹೆಣವೂ ಬಿಸಿಲಲ್ಲೇ ರೈಲು ಕಾಯುತ್ತಿತ್ತು.

"ನಮ್ಮಪ್ಪ ಒಂದ್ಸಲ ಜೋರು ಮಳೇಲಿ ಒಳಕ್ಕೆ ಕಾಲಿಟ್ಟ ತಾಯಿ. ಒಂದೇ ಕಾಲು. ಕೆಲ್ಸ ಓಯ್ತು. ಆ ಜಾಗಕ್ಕೆ ನನ್ನ ಆಕಿದ್ರು."

ನವ್ಯಶ್ರೀ ಪೆನ್ನು ತೆಗೆದಳು.

"ಈಗ ಅದೇ ಲೈನಿನ ಮಕ್ಳು ಒಳಗೆ ಕೂತು ಮೊಟ್ಟೆ ತಿಂತಾವೆ ಮೇಡಂ" ಎಂದಳು ಅಂಬಿಕ. "ಅದನ್ನೂ ಬರ್ಕೊಳ್ಳಿ."

ನವ್ಯಶ್ರೀ ಎರಡು ಪುಟ ಬರೆದುಕೊಂಡಳು. ಇದು ಉಳಿಯಲೇಬೇಕಾದ ಜಾಗ ಎಂದು ಹೇಳಿ ಹೋದಳು.

ಅಕ್ಟೋಬರಿನಲ್ಲಿ ಆದೇಶ ಬಂತು. ಕಟ್ಟಡವನ್ನು ಪಟ್ಟಿಗೆ ಸೇರಿಸಲಾಗಿದೆ. ಒಳಗೆ ಒಲೆ ಹಚ್ಚುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಳಸುತ್ತಿರುವವರು ಹದಿನೈದು ದಿನದಲ್ಲಿ ಖಾಲಿ ಮಾಡಬೇಕು.

ಅಂಬಿಕ ನವ್ಯಶ್ರೀಗೆ ಫೋನು ಮಾಡಿದಳು.

"ನಾನು ಪಟ್ಟಿ ಮಾಡಿದ್ದಷ್ಟೇ. ಖಾಲಿ ಮಾಡಿಸೋದು ಬೇರೆಯವರು" ಎಂದಳು ನವ್ಯಶ್ರೀ. "ನೀವು ಅಷ್ಟು ಹೇಳದೆ ಇದ್ದಿದ್ರೆ ನಾನು ಅದನ್ನ ಬಿಟ್ಟೇ ಬಿಡ್ತಿದ್ದೆ, ಗೊತ್ತಾ?"

ಅಂಬಿಕ ಫೋನಿಟ್ಟಳು. ತಾಲ್ಲೂಕು ಕಚೇರಿಗೆ ಮೂರು ಸಲ ಹೋಗಿ ಬಂದಳು. ನಾಲ್ಕನೆಯ ಸಲ ಹೋಗಲು ಮನಸ್ಸಾಗಲಿಲ್ಲ.

"ಸೋರಿದ್ರೆ ಬಕೆಟ್ ಇಡ್ತಿದ್ವಿ" ಎಂದಳು ಮುನಿಲಕ್ಷ್ಮಿ, ಪಾತ್ರೆಗಳನ್ನು ಮೂಟೆ ಕಟ್ಟುತ್ತ. "ನಿನ್ ಬಾಯಿ ಸುಮ್ಕಿರಬಾರ್ದಿತ್ತಾ ಅಕ್ಕಾ?"

"ಇರಬೋದಾಗಿತ್ತು. ಆ ಮಕ್ಳ ತೂಕದ ತಕ್ಕಡಿ ಉಷಾರಾಗಿ ಎತ್ಕ, ಮುರಿದೀತು."

ಅವರು ಖಾಲಿ ಮಾಡಿದ ವಾರಕ್ಕೆ ಕೂಲಿಯವರು ಬಂದು ಹೊಸ ಹೆಂಚು ಹಾಕಿ ಬೀಗ ಜಡಿದರು.

ಅಂಗನವಾಡಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಾಡಿಗೆ ಕೋಣೆ ಸಿಕ್ಕಿತು. ಲೈನಿನಿಂದ ಎರಡು ಕಿಲೋಮೀಟರು, ನಡುವೆ ಬಸ್ಸಿನ ರಸ್ತೆ. ತಾಯಂದಿರು ನಸುಕಿನಲ್ಲೇ ಬಂಗಾರಪೇಟೆಯ ಕಡೆ ಕೂಲಿಗೆ ರೈಲು ಹತ್ತುತ್ತಿದ್ದರು. ಮಕ್ಕಳನ್ನು ಅಷ್ಟು ದೂರ ನಡೆಸಿಕೊಂಡು ಬರಲು ಮನೆಯ ಮುದುಕಿಯರಿಂದ ಆಗಲಿಲ್ಲ. ಅಂಬಿಕ ಒಂದು ತಿಂಗಳು ತಾನೇ ಹೋಗಿ ಕರೆತಂದಳು, ಆಮೇಲೆ ಮಂಡಿ ನೋವು ಶುರುವಾಯಿತು.

ಸ್ಟೇಷನ್ನಿನಲ್ಲಿದ್ದಾಗ ಹಾಜರಿಯಲ್ಲಿ ಇಪ್ಪತ್ತಮೂರು ಮಕ್ಕಳಿದ್ದವು. ಪೊಂಗಲ್ ಹೊತ್ತಿಗೆ ಒಂಬತ್ತು ಬರುತ್ತಿದ್ದವು. ಬಿಟ್ಟುಹೋದವು ಹದಿನಾಲ್ಕು.