ಖಾಲಿ ಬಿಟ್ಟ ಉತ್ತರ

ನಮ್ಮ ಡಾಕ್ಟರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನಗೂ ಅಷ್ಟೇ. ಹಾಗಿದ್ದೂ ನಾವಿಬ್ಬರು ಒಂದು ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವೆಂದರೆ ಅದು ಆಸ್ಪತ್ರೆಯ ಪುಣ್ಯ. ಮಕ್ಕಳು ಸೋಪಿನ ನೀರು ಕುಡಿದರೆ, ಯಾರೋ ಕತ್ತಲಲ್ಲಿ ತಪ್ಪು ಔಷಧಿ ನುಂಗಿದರೆ ಫೋನಿನಲ್ಲೇ ದಾರಿ ಹೇಳುವ ವಿಭಾಗ ನಮ್ಮದು. ಎರಡು ಮೇಜು, ಎರಡು ಫೋನು, ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ತೆರೆದ ಒಂದು ಕಿಟಕಿ.

ಡಾಕ್ಟರು ನಿವೃತ್ತರಾಗುವ ಮೊದಲು ಅವರ ತಲೆಯಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಲು ನನ್ನನ್ನು ಕರೆಸಿದ್ದರು. ಇಂಥದ್ದಕ್ಕೆ ಎಕ್ಸ್‌ಪರ್ಟ್ ಸಿಸ್ಟಮ್ ಎನ್ನುತ್ತಾರೆ. ಪರಿಣತರು ಬಲ್ಲದ್ದನ್ನು ‘ಹೀಗಿದ್ದರೆ ಹೀಗೆ ಮಾಡು’ ಎಂಬ ಸಣ್ಣ ಸಣ್ಣ ನಿಯಮಗಳಾಗಿ ಬಿಡಿಸಿಡುವುದು ಅರ್ಧ ಕೆಲಸ. ಒಂದೊಂದೇ ಪ್ರಶ್ನೆ ಕೇಳುತ್ತ, ನಿಯಮಕ್ಕೆ ನಿಯಮ ಪೋಣಿಸಿ ತೀರ್ಮಾನಕ್ಕೆ ಬರುವ ಪ್ರೋಗ್ರಾಮು ಇನ್ನರ್ಧ. ‘ಹೇಗೆ ಹೇಳಿದೆ?’ ಎಂದು ಕೇಳಿದರೆ ಅದು ತಾನು ಬಂದ ದಾರಿಯನ್ನೂ ತೋರಿಸಬೇಕು. ಮನುಷ್ಯರಲ್ಲಿ ಈ ಗುಣ ಅಪರೂಪ.

ಡಾಕ್ಟರಲ್ಲಂತೂ ಇರಲೇ ಇಲ್ಲ. ಮಗುವನ್ನು ನೋಡಿದರೆ ತಿಳಿಯುತ್ತದೆ ಅನ್ನುವರು. ಏನನ್ನು ನೋಡಿದರೆ ಎಂದು ಕೇಳಿದರೆ ಮುಖ ಗಂಟಿಕ್ಕುವರು. ಬೆನ್ನು ಬಿಡದೆ ಕೇಳಿದ ಮೇಲೆ ತುಟಿಯ ಬಣ್ಣ, ನಾಡಿ, ಉಸಿರಿನ ವಾಸನೆ ಎಂದು ಒಂದೊಂದಾಗಿ ಹೊರಬರುವುದು. ನನ್ನ ತಲೆ ತಿನ್ನುವುದಕ್ಕೇ ನಿನಗೆ ಸಂಬಳ ಎಂದು ಅವರು ಬೈದರೆ ನಾನು ಒಪ್ಪಿಕೊಳ್ಳುತ್ತಿದ್ದೆ. ಕೊನೆಗೆ ಕಡತದಲ್ಲಿದ್ದ ಹಳೆಯ ಪ್ರಸಂಗಗಳನ್ನು ಪ್ರೋಗ್ರಾಮಿನ ಮುಂದಿಟ್ಟೆವು. ಒಂದೂ ತಪ್ಪಲಿಲ್ಲ. ಡಾಕ್ಟರು ಕಾಫಿ ಕೊಡಿಸಿದರು, ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ, ಡಾಕ್ಟರು ವಾರ್ಡಿಗೆ ಹೋಗಿದ್ದಾಗ ಫೋನು ಬಂತು. ನನ್ನ ತಂಗಿ. ವಿಭಾಗದ ನಂಬರಿಗೆ ಅವಳು ಯಾವತ್ತೂ ಫೋನು ಮಾಡಿದವಳಲ್ಲ. ಅವಳ ಮಗಳಿಗೆ ಎರಡು ತುಂಬಿದೆ. ಯಾವ ಸಂದಿಯಿದ್ದರೂ ನುಗ್ಗುತ್ತಾಳೆಂದು ಮನೆಯವರೆಲ್ಲ ಅವಳನ್ನು ಇರುವೆ ಅನ್ನುತ್ತೇವೆ.

“ಅಕ್ಕಾ, ಮಾವನ ಮಾತ್ರೆ ಸ್ಟ್ರಿಪ್ಪು ನೆಲದ ಮೇಲಿತ್ತು. ಮೂರು ಇಲ್ಲ. ಇವಳು ಪಕ್ಕದಲ್ಲೇ ಮಲಗಿಬಿಟ್ಟಿದಾಳೆ.”

ಮಾವ ಅಂದರೆ ತಂಗಿಯ ಗಂಡನ ಅಪ್ಪ. ಸ್ಟ್ರಿಪ್ಪಿನ ಮೇಲಿನ ಹೆಸರು ಓದಿಸಿಕೊಂಡೆ. ಹೃದಯದ ಬಡಿತ ತಗ್ಗಿಸುವ ಮಾತ್ರೆ. ದೊಡ್ಡವರನ್ನು ಕಾಪಾಡುವ ಒಂದೇ ಒಂದು ಮಾತ್ರೆ ಅಷ್ಟು ಸಣ್ಣ ಮಗುವಿನ ಜೀವಕ್ಕೆ ಮುಳುವಾಗಬಹುದೆಂದು ಒಂದು ವರ್ಷದಲ್ಲಿ ನಾನೂ ಕಲಿತಿದ್ದೆ.

ಪರದೆಯ ಮೇಲೆ ಪ್ರಶ್ನೆಗಳು ಬಂದವು. ನುಂಗಿದ್ದನ್ನು ಯಾರಾದರೂ ಕಂಡರೇ? ತಂಗಿಗೆ ಗೊತ್ತಿಲ್ಲ, ಅವಳು ಒಗೆದ ಬಟ್ಟೆ ತರಲು ಮಹಡಿಗೆ ಹೋಗಿದ್ದಳಂತೆ. ಬಾಯಲ್ಲಿ ಮಾತ್ರೆಯ ಚೂರು ಇದೆಯೇ? ಮಗು ಬಾಯಿ ಬಿಗಿದುಕೊಂಡು ಮಲಗಿದೆ, ಗೊತ್ತಾಗುತ್ತಿಲ್ಲ. ನಾಡಿ ನಿಧಾನವೇ? ಎಲ್ಲಿ ಹಿಡಿದು ಎಣಿಸಬೇಕೆಂದು ತಂಗಿಗೆ ತಿಳಿಯದು. ತುಟಿ ಬಿಳಚಿದೆಯೇ? ಇಲ್ಲ. ವಾಂತಿ? ಇಲ್ಲ. ನಿದ್ದೆ ಹೊತ್ತಲ್ಲದ ಹೊತ್ತಿನದೇ? ಅಲ್ಲ, ಮಗು ದಿನಾ ಮಲಗುವ ಹೊತ್ತು. ಗೊತ್ತಿಲ್ಲ ಎಂದದ್ದನ್ನು ಖಾಲಿ ಬಿಟ್ಟು, ಉಳಿದದ್ದನ್ನು ತುಂಬಿದೆ.

‘ಅಪಾಯವಿಲ್ಲ. ಮನೆಯಲ್ಲೇ ಇಟ್ಟುಕೊಂಡು ಗಮನಿಸಿ’ ಎಂದಿತು ಪರದೆ.

ಹೋದ ಜೀವ ಬಂದಂತಾಯಿತು. ಹೇಳಲು ಬಾಯಿ ತೆರೆದೆ. ಆದರೆ ನನಗೆ ಹುಟ್ಟಾ ಅನುಮಾನದ ಬುದ್ಧಿ, ಒಳ್ಳೆಯ ಸುದ್ದಿ ಬಂದರೂ ಹಿಂದೆ ಮುಂದೆ ತಿರುಗಿಸಿ ನೋಡುವವಳು. ‘ಹೇಗೆ?’ ಎಂಬ ಗುಂಡಿ ಒತ್ತಿದೆ. ದಾರಿ ಬಿಚ್ಚಿಕೊಂಡಿತು: ನುಂಗಿಲ್ಲ. ಬಾಯಲ್ಲಿ ಚೂರಿಲ್ಲ. ನಾಡಿ ನಿಧಾನವಿಲ್ಲ. ಆದ್ದರಿಂದ ಅಪಾಯವಿಲ್ಲ.

ನನ್ನ ತಂಗಿ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ನಾನು ಖಾಲಿ ಬಿಟ್ಟಿದ್ದನ್ನೆಲ್ಲ ಯಂತ್ರ ‘ಇಲ್ಲ’ ಎಂದು ಓದಿಕೊಂಡಿತ್ತು. ಹಳೆಯ ಕಡತಗಳಲ್ಲಿ ಯಾವ ಉತ್ತರವೂ ಖಾಲಿಯಿರಲಿಲ್ಲ, ಅವೆಲ್ಲ ಮುಗಿದ ಕಥೆಗಳು. ನಿಯಮ ಹೇಳಿದ ಡಾಕ್ಟರೋ, ಗೊತ್ತಿಲ್ಲ ಎಂಬ ಮಾತನ್ನು ಆ ವರ್ಷವಿಡೀ ಬಾಯಿಗೆ ತಂದವರಲ್ಲ. ಹಾಗಾಗಿ ನಮ್ಮಿಬ್ಬರಿಗೂ ಅದಕ್ಕೊಂದು ಜಾಗ ಮಾಡಬೇಕೆಂದೇ ಹೊಳೆದಿರಲಿಲ್ಲ.

“ಎಬ್ಬಿಸಿ ಎತ್ಕೋ. ಆಂಬುಲೆನ್ಸ್ ಕಳಿಸ್ತೀನಿ, ಬಾಗಿಲಲ್ಲಿ ನಿಂತಿರು,” ಎಂದೆ.

ತಂಗಿ, ಮಗು ಬರುವಷ್ಟರಲ್ಲಿ ಡಾಕ್ಟರನ್ನು ಹುಡುಕಿ ಕೆಳಗಿನ ತುರ್ತು ಚಿಕಿತ್ಸೆಯ ಕೋಣೆಗೆ ಎಳೆದು ತಂದಿದ್ದೆ. ಅವರು ಮಗುವಿನ ಎದೆಗೆ ತಂತಿಗಳನ್ನು ಅಂಟಿಸಿ ಬಡಿತ ನೋಡುತ್ತ ನಿಂತರು. ಇರುವೆಗೆ ಅರೆನಿದ್ದೆ, ಕೈಕಾಲು ಬಡಿಯುವಷ್ಟು ಸಿಟ್ಟು. ಬಡಿತ ಸದ್ಯಕ್ಕೆ ಸರಿಯಿತ್ತು. ಆದರೆ ಈ ಮಾತ್ರೆ ನಿಧಾನವಾಗಿ ಕೆಲಸ ಶುರು ಮಾಡುವ ಜಾತಿ. ಮಗು ಉಳಿಯುತ್ತಾ ಡಾಕ್ಟ್ರೇ ಎಂದು ತಂಗಿ ಕೇಳಿದಳು.

“ಗೊತ್ತಿಲ್ಲಮ್ಮ,” ಎಂದರು ಡಾಕ್ಟರು. “ಗೊತ್ತಾಗೋವರೆಗೂ ನಾನು ಇಲ್ಲಿಂದ ಕದಲಲ್ಲ.”

ಅಷ್ಟು ಹೊತ್ತಿಗೆ ಮಾವ ಮನೆಗೆ ಬೀಗ ಹಾಕಿ ನಡೆದುಕೊಂಡು ಬಂದರು. ಮುಖ ಬಾಡಿತ್ತು, ಒಂದು ಕಾಲು ಕುಂಟುತ್ತಿತ್ತು. ಅವಸರದಲ್ಲಿ ಶೂ ಹಾಕಿಕೊಂಡೆ, ದಾರಿಯುದ್ದಕ್ಕೂ ಕಲ್ಲು ಚುಚ್ಚುತ್ತಿದೆ ಎಂದರು. ತಂಗಿ ಜನ್ಮದಲ್ಲಿ ಅವರಿಗೆ ಎದುರಾಡಿದವಳಲ್ಲ, ಆಗ ಮಾತ್ರ, ಮಗು ಈ ಸ್ಥಿತಿಯಲ್ಲಿರುವಾಗ ನಿಮ್ಮ ಶೂ ಪುರಾಣ ಯಾರಿಗೆ ಬೇಕು ಎಂದು ರೇಗಿದಳು. ನರ್ಸು ಪಾಪವೆನಿಸಿ ಅವರನ್ನು ಕೂರಿಸಿ ಶೂ ಕಳಚಿದಳು. ಒಳಗಿಂದ ಎರಡು ಮಾತ್ರೆ ಉರುಳಿದವು. ಮೂರನೆಯದು ಹಿಮ್ಮಡಿಯ ಕೆಳಗೆ ನಾಲ್ಕು ತುಂಡಾಗಿತ್ತು.

ಡಾಕ್ಟರು ಮೊಣಕಾಲೂರಿ ಕೂತು ತುಂಡುಗಳನ್ನು ಅಂಗೈಯಲ್ಲಿ ಜೋಡಿಸಿದರು. ಪೂರ್ತಿ ಗುಂಡಗಾಯಿತು. ಮೂರಕ್ಕೆ ಮೂರೂ ಇದ್ದವು. ಇರುವೆ ತಾನು ನುಂಗದೆ ಅಜ್ಜನ ಶೂಗೆ ಉಣಿಸಿದ್ದಳು. ತಂಗಿ ನಗಲು ಹೋಗಿ ಅತ್ತಳು. ಮಾವ ಒಂದೇ ಶೂನಲ್ಲಿ ಎದ್ದು ಬಂದು ಮೊಮ್ಮಗಳ ಪಾದ ಹಿಡಿದು ನಿಂತರು. ನಾನು ಗೋಡೆಗೆ ಒರಗಿದೆ. ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ.

ಮೇಲೆ ನಮ್ಮ ವಿಭಾಗಕ್ಕೆ ಮರಳಿ ಬಂದು ಡಾಕ್ಟರು ಪರದೆ ನೋಡಿ, ನಿನ್ನ ಯಂತ್ರ ಸರಿಯಾಗೇ ಹೇಳಿತ್ತಲ್ಲಮ್ಮ ಎಂದು ಕೆಣಕಿದರು. ಸರಿಯಲ್ಲ ಸರ್, ಕುರುಡು ಅದೃಷ್ಟ ಎಂದು ನಾನು ಸಿಡುಕಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ನಾನು ಕೇಳದೆಯೇ, ಹೊಸ ನಿಯಮ ಹೇಳಿದರು. ಈ ಮಾತ್ರೆಯ ವಿಷಯದಲ್ಲಿ ನುಂಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ನುಂಗಿದೆ ಎಂದೇ ತಿಳಿ. ಸಂಜೆಯೊಳಗೆ ಪ್ರತಿ ಪ್ರಶ್ನೆಯ ಮುಂದೂ ‘ಗೊತ್ತಿಲ್ಲ’ ಎಂಬ ಗುಂಡಿ ಬಂತು.

ಕೆಲಸ ಮುಗಿಸಿ ಹೊರಡುವಾಗ ತಂಗಿಯ ಫೋನು ಬಂತು. ಅವಳ ದನಿಯ ಹಿಂದೆ ಇರುವೆ ಯಾವುದಕ್ಕೋ ಹಟ ಹಿಡಿದು ಅರಚುತ್ತಿದ್ದಳು. ಆ ಅರಚಾಟ ನನಗೆ ಸಾಕೆನಿಸಲೇ ಇಲ್ಲ.

“ಅಕ್ಕಾ, ಮಧ್ಯಾಹ್ನ ಫೋನಲ್ಲಿ ಮಧ್ಯೆ ಸ್ವಲ್ಪ ಹೊತ್ತು ನೀನು ಮಾತೇ ಆಡ್ಲಿಲ್ಲ. ಯಾಕೆ?”

“ಮನೇಲೇ ಇರಿ ಅನ್ನೋದ್ರಲ್ಲಿದ್ದೆ ಕಣೇ,” ಎಂದೆ.

“ಅನ್ಲಿಲ್ವಲ್ಲ, ಬಿಡು,” ಎಂದು ಫೋನನ್ನು ಮಗಳ ಕೈಗೆ ಕೊಟ್ಟಳು.