ನೀಲಿ ಮೂಲೆ

ಹಗ್ಗ ನೆಲಕ್ಕೆ ಬಡಿಯುವ ಸದ್ದು ಎರಡಾಗಿ ಕೇಳುತ್ತಿತ್ತು. ಸಭಾಂಗಣದ ಹಿಂದಿನ ಕೋಣೆಯಲ್ಲಿ ಹಗ್ಗ ಜಿಗಿಯುತ್ತಿದ್ದವನು ಮನೋಜ ಒಬ್ಬನೇ. ಖಾಲಿ ಗೋಡೆಯ ಮರುದನಿ ಇರಬೇಕು ಎಂದುಕೊಂಡರು, ಬಾಗಿಲಲ್ಲಿ ನಿಂತಿದ್ದ ಅವನ ತಂದೆ ಈರಬಸಪ್ಪ. ಮನೋಜ ನಿಂತ. ಇನ್ನೊಂದು ಸದ್ದು ಒಂದು ಬಡಿತ ತಡವಾಗಿ ನಿಂತಿತು.

“ಕೇಳಿಸ್ತೇನ್ರಿ?” ಮನೋಜ ತಿರುಗದೆಯೇ ಕೇಳಿದ.

“ಏನಪಾ?”

“ಏನಿಲ್ಲ, ಬಿಡ್ರಿ.”

ಕಳೆದ ವರ್ಷದ ಪುಣೆಯ ಬಾಕ್ಸಿಂಗ್ ಚಾಂಪಿಯನ್ ಅವನೇ. ಆದರೆ ಮೂರು ವರ್ಷಗಳಲ್ಲಿ ದೇಹೂ ರೋಡಿನ ಮಾಂತುವಿನ ಎದುರು ಅವನು ಒಮ್ಮೆಯೂ ರಿಂಗಿಗೆ ಇಳಿದಿರಲಿಲ್ಲ. ಮಾಂತು ಎಡಚ. ಹಗಲು ತಾಯಿ ತಿಪ್ಪವ್ವನ ಜೊತೆ ಕಟ್ಟಡದ ಕೆಲಸ, ಸಂಜೆ ಅಭ್ಯಾಸ. ಅವನ ಎಡಗೈ ಏಟು ಎಲ್ಲಿಂದ ಬಂತೆಂದು ತಿಂದವರಿಗೂ ತಿಳಿಯುತ್ತಿರಲಿಲ್ಲ. ಅವನೊಡನೆ ಜೋಡಿ ಬಿದ್ದ ಮೊದಲ ಸಲ ಮನೋಜನಿಗೆ ಜ್ವರ ಬಂತು. ಮರುವರ್ಷ ಮುಂಗೈ ಉಳುಕಿತು. ಕಳೆದ ವರ್ಷ ತೂಕ ಏರಿಸಿಕೊಂಡು ಮೇಲಿನ ವರ್ಗದಲ್ಲಿ ಆಡಿ ಗೆದ್ದ. ಜ್ವರ ಸುಳ್ಳಾಗಿರಲಿಲ್ಲ, ಹಣೆಗೆ ಒದ್ದೆ ಬಟ್ಟೆ ಹಾಕಿದವರು ಈರಬಸಪ್ಪನವರೇ. ಆದರೆ ಪಂದ್ಯ ಮುಗಿದ ಸಂಜೆ ಆ ಜ್ವರ ತಾನಾಗಿಯೇ ಇಳಿದುದನ್ನೂ ಅವರು ಕಂಡಿದ್ದರು. ನಿಗಡಿಯ ಅವರ ಜವಳಿ ಅಂಗಡಿಗೆ ಬಂದವರು ಸೀರೆ ಬಿಡಿಸಿ ನೋಡುತ್ತಲೇ, “ನಿಮ್ಮ ಹುಡುಗ ಅಂವಗ ಅಂಜತಾನಂತಲ್ರಿ?” ಎಂದು ಕೇಳುತ್ತಿದ್ದರು.

ಈ ಸಲ ಮನೋಜ ತಾನಾಗಿಯೇ ದೇಹೂ ರೋಡಿಗೆ ಹೋಗಿ, ಮಾಂತುವಿನ ಬಾಗಿಲಲ್ಲಿ ನಿಂತು, “ಈ ವರ್ಷ ಆಡೂಣು” ಎಂದು ಹೇಳಿ ಬಂದಿದ್ದ. ಮಾಂತು ಅಂದಿನಿಂದ ನಸುಕಿನಲ್ಲೇ ಎದ್ದು ಹೆದ್ದಾರಿಯಲ್ಲಿ ಓಡತೊಡಗಿದ. ಒಂದು ಬೆಳಗು ಮಂಜಿನಲ್ಲಿ ಲಾರಿಯೊಂದು ಅವನನ್ನು ಕಾಣಲಿಲ್ಲ.

ತರಬೇತಿ ಕೊಡುವ ಗುರಣ್ಣ ಕೈಗವಸು ಹಿಡಿದು ಒಳಗೆ ಬಂದ. ಮಿಲಿಟರಿಯಿಂದ ನಿವೃತ್ತನಾದವನು, ಮಾತು ಚುಟುಕು.

“ಜೋಡಿ ಹಾಕಿದ ಮ್ಯಾಲೆ ಹೆಸರ ತಗ್ಯಾಂಗಿಲ್ಲ. ಅವನ ಹೆಸರ ಕೂಗತಾರ, ಅಂವಾ ಬರೂದಿಲ್ಲ. ನೀ ಒಂದು ನಿಮಿಷ ಕೈ ಕೆಳಗ ಬಿಟ್ಟು ನಿಂದ್ರು. ಗೆದ್ದಿ ಅಂತ ಕೈ ಎತ್ತತಾರ. ಮುಗೀತು.”

“ಸತ್ತಾವನ ಹೆಸರ ಕೂಗೂದು ಎಂಥಾ ನಿಯಮೋ ಗುರಣ್ಣಾ?” ಎಂದರು ಈರಬಸಪ್ಪ.

“ಬರದಿದ್ದಾವ ಯಾಕ ಬರಲಿಲ್ಲಂತ ನಿಯಮ ಕೇಳೂದಿಲ್ರಿ, ಸಾವ್ಕಾರ್ರ.”

ಈರಬಸಪ್ಪ ಮಗನ ಹತ್ತಿರ ಹೋದರು. “ಮನೋಜಾ, ಮನೀಗೆ ನಡಿ. ಇಂಥಾ ಕಪ್ ನಮಗ ಬ್ಯಾಡ.”

ಮನೋಜ ಬೆರಳುಗಳ ನಡುವೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. “ಈ ಸಲಾನೂ ತಪ್ಪಿಸ್ಕೊಳ್ಳಲೇನ್ರಿ ಅಪ್ಪಾ?”

ಈರಬಸಪ್ಪನವರ ಕೈ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಹಿಡಿಯಿತು. ಶಿವನಾಮ ಬಾಯಿಗೆ ಬಂತು.

ಹೊರಗೆ ಕುರ್ಚಿಗಳ ಸಾಲಿನ ಕೊನೆಯಲ್ಲಿ ತಿಪ್ಪವ್ವ ನಿಂತಿದ್ದಳು. ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಬೆಳ್ಳಗೆ ಕೂತಿತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಮಗನ ಟವೆಲ್ಲು, ನೀರಿನ ಬಾಟಲಿ.

“ಸಾವ್ಕಾರ್ರ, ನಮ್ಮ ಮಾಂತೂನ ಹೆಸರ ಕೂಗತಾರಂತ. ಖರೇನ್ರಿ?”

“ಖರೆ, ತಂಗಿ. ನೀ ಯಾಕ ಬರಾಕ ಹೋದಿ?”

“ನಮ್ಮ ಮಂದ್ಯಾಗ ದಾರಿ ಮ್ಯಾಲೆ ಸತ್ತಾವನ ಹೆಸರ ಹೊಸ್ತಿಲದಾಗ ನಿಂತು ಕೂಗತಾರ್ರಿ. ಒಳಗಿನವ್ರು ‘ಓ’ ಅನಬೇಕು. ಅಂದ್ರ ಅಂವಾ ಮನ್ಯಾಗ ಬಂದು ಕುಂದರತಾನ. ನಾವೂ ಕೂಗಿದ್ವಿ. ಬರಲಿಲ್ರಿ.”

“ಬರಲಿಲ್ಲಂತ ಹೆಂಗ ಗೊತ್ತಾತವಾ?”

“ದೀಪ ಮಿಸುಕಲಿಲ್ಲ.” ಅವಳು ಸಣ್ಣಗೆ ನಕ್ಕಳು. “ಉಡಾಳ ಅದು. ಬದುಕಿದ್ದಾಗರ ಹೊತ್ತಿಗೆ ಸರಿ ಮನೀಗೆ ಎಲ್ಲಿ ಬರತಿತ್ತು? ಅದಕ್ಕ ಇಲ್ಲಿಗೇ ಬರೂದಿತ್ತು. ಇಲ್ಲಿ ಕೂಗಿದಾಗ ಯಾರೂ ಓ ಅನ್ಲಿಲ್ಲಂದ್ರ ಹೊರಗ ನಿಂತು ಬಿಡತಾನ್ರಿ, ಕಾಯಂ. ಅವನ ಬಾಜೂ ಯಾವ್ದು?”

ಈರಬಸಪ್ಪ ಇಂಥದನ್ನು ನಂಬುವವರಲ್ಲ. ಹೋದವನು ಶಿವನ ಪಾದ ಸೇರಿದ, ಅಲ್ಲಿಗೆ ಅವನ ಅಲೆದಾಟ ಮುಗಿಯಿತು ಎಂದು ಹೇಳಬೇಕೆಂದುಕೊಂಡರು. ಹೇಳದೆ, ನೀಲಿ ಬಣ್ಣದ ಮೂಲೆಯ ಕಡೆ ಕೈ ತೋರಿಸಿದರು. ಅವಳು ಅಲ್ಲಿ ಹೋಗಿ ಮೆಟ್ಟಿಲ ಬಳಿ ನೆಲಕ್ಕೆ ಕುಳಿತಳು. ಏಳು ಎಂದು ಯಾರೂ ಹೇಳಲಿಲ್ಲ. ಈರಬಸಪ್ಪ ನಡುದಾರಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು.

“ಲಾಲ್ ಕೋಪರಾ, ಮನೋಜ!” ಮೈಕು ಮರಾಠಿಯಲ್ಲಿ ಕೂಗಿತು. ಮನೋಜ ಕೆಂಪು ಮೂಲೆಯಿಂದ ರಿಂಗು ಹತ್ತಿದ.

“ಮನ್ಯಾ, ಆಜ್ ತರೀ ತಾಪ್ ನಾಹೀ ನಾ?” ಇವತ್ತಾದರೂ ಜ್ವರವಿಲ್ಲ ತಾನೆ ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಸಾಲಿನಿಂದ ಸಾಲಿಗೆ ಹರಿಯಿತು.

“ನಿಳಾ ಕೋಪರಾ, ಮಾಂತು!”

ನಗು ನಿಂತಿತು. ತಗಡಿನ ಸೂರಿನ ಕೆಳಗೆ ಕೂತಿದ್ದ ಪಾರಿವಾಳಗಳು ಕೂಡ ಮಿಸುಕಲಿಲ್ಲ. ಮೈಕು ಇನ್ನೊಮ್ಮೆ ಕೂಗಿತು.

“ಓ.”

ತಿಪ್ಪವ್ವ ಅದನ್ನು ಜೋರಾಗಿ ಹೇಳಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವರು, ಅಂಗಳದಲ್ಲಿ ಕರೆದವರಿಗೆ ಓಗೊಡುವ ಹಾಗಿತ್ತು. ರೆಫ್ರಿ ತಟ್ಟನೆ ನೀಲಿ ಮೂಲೆಯ ಕಡೆ ತಿರುಗಿದ. ಅಷ್ಟರಲ್ಲಿ ಗಂಟೆ ಬಡಿದಾಗಿತ್ತು.

ಮನೋಜ ಕೈ ಕೆಳಗೆ ಬಿಟ್ಟು ನಿಲ್ಲಲಿಲ್ಲ. ನಡುವಿಗೆ ಬಂದು, ಆಟಕ್ಕೆ ಮೊದಲು ಮಾಡುವಂತೆ ಎರಡೂ ಕೈಗವಸುಗಳನ್ನು ಮುಂದೆ ಚಾಚಿದ. ಸ್ವಲ್ಪ ಕಾದ. ಆಮೇಲೆ ಮುಖಕ್ಕೆ ಕೈ ಅಡ್ಡ ಹಿಡಿದು, ಎಡಚನ ಎದುರು ಸುತ್ತುವವರ ಹಾಗೆ ತನ್ನ ಎಡಕ್ಕೆ ಸುತ್ತತೊಡಗಿದ.

ಯಾರೋ ಒಬ್ಬ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಮನೋಜನ ಬೂಟು ಹಾಸಿನ ಮೇಲೆ ಉಜ್ಜುವ ಸದ್ದು ಕೇಳುತ್ತಿತ್ತು. ಅವನು ಕಾಲು ಊರಿ ನಿಂತಾಗಲೂ ಕೇಳುತ್ತಿತ್ತು. ಅವನು ಬಾಗಿದ, ಹಿಂದೆ ಸರಿದ, ಬೆನ್ನು ಹಗ್ಗಕ್ಕೆ ತಾಗಿತು. ಮಗನ ಕಣ್ಣಿನಲ್ಲಿದ್ದ ಅಂಜಿಕೆಯನ್ನು ಈರಬಸಪ್ಪ ಮೂರು ವರ್ಷಗಳಲ್ಲಿ ಇಷ್ಟು ಬಯಲಾಗಿ ಕಂಡಿರಲಿಲ್ಲ. ಕೈ ಕರಡಿಗೆಯ ಮೇಲೆಯೇ ಇತ್ತು. “ಹಿಂದ ಸರೀಬ್ಯಾಡೋ,” ಎಂದು ತಮಗೇ ತಿಳಿಯದಂತೆ ಪಿಸುಗುಟ್ಟಿದರು.

ಮನೋಜ ಹಗ್ಗ ಬಿಟ್ಟು ಮುಂದೆ ನಡೆದ. ನೇರ ನಡೆದ. ಅವನ ಮುಖ ಒಮ್ಮೆ ಪಕ್ಕಕ್ಕೆ ಹೊರಳಿತು. ಆದರೂ ನಡೆದ. ಗಂಟೆ ಬಡಿಯಿತು.

ರೆಫ್ರಿ ಅವನ ಕೈ ಎತ್ತಿದಾಗ ಚಪ್ಪಾಳೆ ಬೀಳಲಿಲ್ಲ. ಮನೋಜ ರೆಫ್ರಿಯ ಆಚೆ ಬದಿಯ ಖಾಲಿ ಜಾಗವನ್ನೇ ನೋಡುತ್ತಿದ್ದ. ಆಟ ಮುಗಿದ ಮೇಲೆ ಎದುರಾಳಿಯ ಮೂಲೆಗೆ ಹೋಗಿ ಅವನ ಕಡೆಯವರಿಗೆ ತಲೆಬಾಗಿ ಬರುವುದು ಬಾಕ್ಸಿಂಗಿನ ರೂಢಿ. “ಅಲ್ಲಿ ಯಾರದಾರ? ಇಳದು ಬಾ,” ಎಂದ ಗುರಣ್ಣ. ಮನೋಜ ನೀಲಿ ಮೂಲೆಗೇ ಹೋದ.

ತಿಪ್ಪವ್ವ ಅಷ್ಟರಲ್ಲಿ ಮೆಟ್ಟಿಲು ಹತ್ತಿ ನಿಂತಿದ್ದಳು. ಅವನ ಬಾಯಿಗೆ ನೀರು ಹನಿಸಿದಳು. ಟವೆಲ್ಲಿನಿಂದ ಮುಖ ಒರೆಸುತ್ತ ಬಲಗೆನ್ನೆಗೆ ಬಂದಾಗ ಅವಳ ಕೈ ನಿಧಾನವಾಯಿತು.

“ಪೆಟ್ಟ ಭಾಳ ಹತ್ತಿತೇನೋ?”

“ಹತ್ತಿತ್ರೀ ಯವ್ವಾ.”

ಅವಳು ಮೇಲಿನ ಹಗ್ಗವನ್ನು ಭುಜದಿಂದ ಎತ್ತಿ, ಕೆಳಗಿನದನ್ನು ಪಾದದಿಂದ ಒತ್ತಿ, ನಡುವೆ ದಾರಿ ಮಾಡಿದಳು. ಮನೋಜ ಇಳಿಯಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಹೊತ್ತು ಅವಳು ಹಗ್ಗವನ್ನು ಹಾಗೆಯೇ ಹಿಡಿದಿದ್ದಳು. ಆಮೇಲೆ ಬಿಟ್ಟಳು. ಹಗ್ಗ ಬಹಳ ಹೊತ್ತು ನಡುಗಿತು.

ಟವೆಲ್ಲನ್ನು ಮಡಚಿಕೊಂಡು ಅವಳು ಕುರ್ಚಿಗಳ ನಡುದಾರಿಯಲ್ಲಿ ಬಾಗಿಲ ಕಡೆ ನಡೆದಳು. ದಾರಿ ಅಗಲವಾಗಿದ್ದರೂ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವಳ ಹಾಗೆ ಒಂದೇ ಬದಿಗೆ ಒತ್ತಿ ನಡೆದಳು. ಈರಬಸಪ್ಪ ಕಾಲುಗಳನ್ನು ಒಳಗೆಳೆದುಕೊಂಡರು. ಅವಳು ದಾಟಿ ಹೋದಳು. ಅವರು ಇನ್ನೂ ಸ್ವಲ್ಪ ಹೊತ್ತು ಕಾಲು ಚಾಚಲಿಲ್ಲ.