ಮಡಿಯಿಲ್ಲದ ಮೆಷಿನ್

"ಆ ಗಲೀಜು ಡಬ್ಬಾವನ್ನು ಮೇಜಿನ ಮೇಲೆ ಇಡ್ಬೇಡ ಮಾರಾಯ್ತಿ. ಚಪ್ಪಲಿ ಸ್ಟ್ಯಾಂಡ್ ಹತ್ರ ಸ್ಟೂಲ್ ಉಂಟು, ಅಲ್ಲಿಡು."

ಬಳಗದ ಹಿರಿಯ ತಿಲಕ್ ಅಷ್ಟಂದು ಅತ್ತ ತಿರುಗಿದ. ಶಿವಕುಮಾರಿ ಮುಂಬೈಯ ಕಾಂದಿವಲಿಯ ಗುಜರಿಯಲ್ಲಿ ಕೊಂಡ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಸ್ಟೂಲಿನತ್ತ ನಡೆದಳು. ಮೈಯೆಲ್ಲ ಉರಿಯುತ್ತಿತ್ತು.

ಅಂಧೇರಿಯ ಈ ಆಫೀಸಿನಲ್ಲಿ ಭಾನುವಾರ ಸೇರುವವರು ಬಿಟ್ಟಿ ತಂತ್ರಾಂಶ ಬರೆಯುವ ಮಂದಿ. ಯಾರು ಬೇಕಾದರೂ ತಗೊಳ್ಳಿ, ತಿದ್ದಿ, ಹಂಚಿ ಎಂದು ಗೋಡೆಯ ತುಂಬ ಬರೆಸಿಕೊಂಡಿದ್ದಾರೆ. ಹುಟ್ಟಿದ ಹೆಸರು ಹಿಡಿದು ಕರೆಯುವುದು ಇಲ್ಲಿ ಕಡಿಮೆ. ಒಬ್ಬ 'ಬಾವಲಿ', ಇನ್ನೊಬ್ಬ 'ಶೂನ್ಯ'. ಎಲ್ಲವನ್ನೂ ಕೀಲಿಮಣೆಯಲ್ಲೇ ಮಾಡುವ ಇವರು ಮೌಸ್ ಮುಟ್ಟುವವರನ್ನು ಕಂಡರೆ ಮೂಗು ಮುರಿಯುತ್ತಾರೆ. ಹೊಸಬರು ಎಲ್ಲರೆದುರು ಕಂಪನಿಯವರು ಮಾರುವ ವಿಂಡೋಸನ್ನು ತಮ್ಮ ಮೆಷಿನ್ನಿನಿಂದ ಅಳಿಸಿ, ಬಳಗ ಒಪ್ಪಿದ ಬಿಟ್ಟಿ ಸಿಸ್ಟಮ್ ಹಾಕಿಕೊಂಡರೆ ಚಪ್ಪಾಳೆ, ವಡಾಪಾವ್. ಅಲ್ಲಿಯವರೆಗೆ ಅವರು ಬರೆದದ್ದನ್ನು ಯಾರೂ ತೆರೆದೂ ನೋಡುವುದಿಲ್ಲ. ಮಡಿ ಅಂದರೆ ಮಡಿ.

ಅವರದೊಂದು ತಂತ್ರಾಂಶ ಮೊಬೈಲಿಗೆ ಬಂದ ಕನ್ನಡದ ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಹಳೇ ಮೊಬೈಲಿನಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ. ಶಿವಕುಮಾರಿಯ ಅವ್ವ ಸುಂದ್ರವ್ವ, ಅವಳ ಜೊತೆ ಗಾರೆ ಹೊರುವ ಹೆಂಗಸರು, ಎಲ್ಲರದ್ದೂ ಹಳೇ ಮೊಬೈಲೇ. ಯಾವ ಸೈಟಿಗೆ ಬರಬೇಕೆಂದು ಕೂಲಿಯವರನ್ನು ಕರೆಸುವ ಮುಕಾದಮ ಬೇಕಂತಲೇ ಬಾಯಲ್ಲಿ ಹೇಳದೆ ಬರೆದು ಕಳಿಸುತ್ತಾನೆ. ಓದಲು ಬಾರದವರು ತಪ್ಪು ಸೈಟಿಗೆ ಹೋಗಿ ನಿಂತರೆ ಅಂದಿನ ಕೂಲಿ ಇಲ್ಲ. ಶಿವಕುಮಾರಿ ಆ ದೋಷ ಸರಿಪಡಿಸಿ ಬಳಗಕ್ಕೆ ಕಳಿಸಿ ತಿಂಗಳುಗಳೇ ಆಗಿದ್ದವು.

ತಿಲಕ್ ಬಳಗದ ಸಿಸ್ಟಮ್ ಇದ್ದ ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಚಾಲೂ ಮಾಡಿದ. ಎಲ್ಲವನ್ನೂ ಅಳಿಸಲೇ ಎಂದು ಪರದೆ ಕೇಳಿತು. ಮನೆಯಲ್ಲಿ ಕೂತು ಫಾರ್ಮ್ ತುಂಬುವ ತನ್ನ ಕೆಲಸ ವಿಂಡೋಸಿನಲ್ಲಷ್ಟೇ ನಡೆಯುತ್ತದೆ, ಅಳಿಸಿದರೆ ಒಲೆ ಉರಿಯುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಬರೆದದ್ದನ್ನು ಒಂದು ಸಲ ನೋಡಿ ಎಂದು ಅಂಗಲಾಚಿದಳು. ಬಾವಲಿ ಹಿಂದಿಯಲ್ಲಿ ಏನೋ ಅಂದ, ಎಲ್ಲರೂ ನಕ್ಕರು. ತಿಲಕ್ ತಾನೇ ಕೀಲಿ ಒತ್ತಲು ಬೆರಳು ಚಾಚಿದ.

"ಕೈ ತಗೀಲೇ ಭಾಡ್ಯಾ."

ನಗು ನಿಂತಿತು. ಶಿವಕುಮಾರಿ ಪೆನ್‌ಡ್ರೈವ್ ಕಿತ್ತು ಅವನ ಕೈಗಿಟ್ಟು ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದಳು. ಬಳಗದ ತಂತ್ರಾಂಶವನ್ನು ಇಡಿಯಾಗಿ ನಕಲು ಮಾಡಿ, ತನ್ನ ತಿದ್ದುಪಡಿ ಸೇರಿಸಿ, 'ಸುಂದ್ರವ್ವ' ಎಂದು ಬೇರೆ ಹೆಸರಿಟ್ಟು, ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಏರಿಸತೊಡಗಿದಳು. ಅವರ ನಿಯಮವೇ ಅದಕ್ಕೆ ದಾರಿ ಬಿಟ್ಟಿತ್ತು.

ತಿಲಕನ ಮುಖ ಕೆಂಪಾಯಿತು. "ದುಡ್ಡು ಕೊಡದೆ ಕದ್ದು ಹಾಕಿದ ವಿಂಡೋಸಿನ ಮೆಷಿನ್ನಿಂದ ಬಂದದ್ದು, ಯಾರೂ ಮುಟ್ಬೇಡಿ ಅಂತ ಎಲ್ಲ ಗ್ರೂಪಿಗೂ ಬರೀತೇನೆ ನಾನು."

"ಬರಕೋ ಹೋಗಲೇ. ಮುಟ್ಟಬ್ಯಾಡ್ರಿ ಅನ್ನೂದು ನಮ್ಮ ಓಣಿಗೇನ ಹೊಸಾ ಮಾತಲ್ಲ."

ಲ್ಯಾಪ್‌ಟಾಪನ್ನು ಎತ್ತಿ ತಂದು ದೊಡ್ಡ ಮೇಜಿನ ನಡುವೆ ಇಟ್ಟಳು. ಅವಳ ಮೊಬೈಲಿನ ನೆಟ್ ನಿಧಾನ. ಕಾಲು ಭಾಗವೂ ಏರಿರಲಿಲ್ಲ. ಸುತ್ತ ಕೂತವರು ತಮ್ಮ ತಮ್ಮ ಮೆಷಿನ್ ಎತ್ತಿಕೊಂಡು ಒಬ್ಬೊಬ್ಬರಾಗಿ ಗೋಡೆಯ ಕಡೆ ಸರಿದರು. ಶಿವಕುಮಾರಿ ಕುರ್ಚಿ ಎಳೆದುಕೊಂಡು ಕೂತಳು.